ಫೈರ್‌ವಾಲಿನ ಆಚೆ ತಮ್ಮ

ಅಕ್ಕನ ತಮ್ಮ ಬದುಕಿದ್ದಾನೆ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ, ಔಷಧ ಗೋದಾಮಿನ ಫೈರ್‌ವಾಲ್ ಬರೆದಿಡುತ್ತಿದ್ದ ಒಂದು ಸಾಲು. ಇಂಥ ಹೆಸರಿನವರು ಒಳಗೆ ಬರಲು ನೋಡಿದರು, ಖಾತೆ ಮುಚ್ಚಿದೆ, ನಿರಾಕರಿಸಲಾಗಿದೆ. ಅಷ್ಟೆ. ಬೇರೆಯವರಿಗೆ ಅದು ಕಸ. ಅಕ್ಕನಿಗೆ ಮಾತ್ರ ಅದನ್ನು ನೋಡದೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಗೋದಾಮಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹಿರಿಯನಾದ ಕಾವಲುಗಾರನೂ ಸೇರಿ. ಕಂಪ್ಯೂಟರುಗಳ ಜಾಲ ನೋಡಿಕೊಳ್ಳುವುದು ಅವಳ ಕೆಲಸ. ಲಸಿಕೆಗಳ ತಣ್ಣನೆ ಕೋಣೆಗೆ ಅಂಟಿಕೊಂಡಂತೆ ಕಿಟಕಿಯಿಲ್ಲದ, ಅಷ್ಟೇ ತಣ್ಣನೆಯ ಇನ್ನೊಂದು ಕೋಣೆ, ಅದರಲ್ಲಿ ಕಬ್ಬಿಣದ ಚೌಕಟ್ಟಿಗೆ ಬಿಗಿದ ಯಂತ್ರಗಳು, ಅವುಗಳ ನಡುವೆ ಚಪ್ಪಟೆ ಡಬ್ಬದಂಥ ಫೈರ್‌ವಾಲ್. ಹೊರಗಿನಿಂದ ಯಾರು ಬಂದರು, ಯಾರನ್ನು ಒಳಗೆ ಬಿಟ್ಟೆ, ಯಾರನ್ನು ಓಡಿಸಿದೆ ಎಂದು ಅದು ಬಿಡುವಿಲ್ಲದೆ ಬರೆಯುತ್ತಿತ್ತು. ಸುಡುಬೇಸಗೆಯಲ್ಲೂ ಅಕ್ಕ ಅಲ್ಲಿ ಸ್ವೆಟರ್ ಹಾಕಿಕೊಂಡೇ ಕೂರುತ್ತಿದ್ದಳು.

ತಮ್ಮನೂ ಅಲ್ಲೇ ಕೆಲಸಕ್ಕಿದ್ದವನು. ಸಾಹೇಬರ ಕೈಕಾಲು ಹಿಡಿದು ಅಕ್ಕನೇ ಸೇರಿಸಿದ್ದಳು. ಆಸ್ಪತ್ರೆಗಳು ಕೇಳಿದ ಮಾತ್ರೆಗಳನ್ನು ಕಪಾಟಿನಿಂದ ತೆಗೆದು ಪೆಟ್ಟಿಗೆ ತುಂಬಿಸುವ ಕೆಲಸ. ಎತ್ತಿ ಎತ್ತಿ ಬೆನ್ನು ಹಿಡಿದುಕೊಂಡಿತು. ಮೊದಲು ನೋವಿಗೆಂದು ಅದೇ ಪೆಟ್ಟಿಗೆಯಿಂದ ಒಂದೆರಡು ಮಾತ್ರೆ ತೆಗೆದು ನುಂಗಿದ, ಆಮೇಲೆ ನೋವಿಲ್ಲದಿದ್ದರೂ ನುಂಗಿದ. ಸಿಕ್ಕಿಬಿದ್ದ ದಿನ ಸಾಹೇಬರು ಅವನನ್ನು ಗೇಟಿನಾಚೆ ಕಳಿಸಿದರು. ಅವನ ಖಾತೆ ಮುಚ್ಚುವ ಕೆಲಸ ಅಕ್ಕನ ಪಾಲಿಗೆ ಬಂತು. ಇಲ್ಲವೆನ್ನಲು ಬಾಯಿ ಎಲ್ಲಿತ್ತು? ಮುಚ್ಚಿದಳು. ತಮ್ಮ ಅವತ್ತು ಮನೆಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲೇ ಇಲ್ಲ.

ಅಕ್ಕ ಪೊಲೀಸ್ ಠಾಣೆಗೂ ಹೋಗಿ ಬಂದಿದ್ದಳು. “ಬೆಳೆದ ಗಂಡಸು, ತಾನಾಗೇ ಹೋಗಿದಾನೆ, ತಾನಾಗೇ ಬರ್ತಾನೆ” ಎಂದು ಅಲ್ಲಿ ಸಾಗಹಾಕಿದರು.

ಅಷ್ಟರಲ್ಲಿ ಆ ಸಾಲು ಕಾಣಿಸಿಕೊಂಡಿತು. ತಮ್ಮನ ಫೋನಿನಲ್ಲಿ ಗೋದಾಮಿನ ಆ್ಯಪ್ ಹಾಗೇ ಉಳಿದುಬಿಟ್ಟಿತ್ತು. ಫೋನಿಗೆ ಇಂಟರ್ನೆಟ್ ಸಿಕ್ಕಾಗಲೆಲ್ಲ ಅದು ತಾನಾಗಿ ಬಂದು ಬಾಗಿಲು ಬಡಿಯುತ್ತಿತ್ತು, ಫೈರ್‌ವಾಲ್ ಹೋಗು ಎನ್ನುತ್ತಿತ್ತು. ಸಿಮ್ ಬದಲಾಯಿಸಿದ್ದಾನೆ, ಫೋನ್ ಅದೇ ಇದೆ ಎಂದುಕೊಂಡು ಅಕ್ಕ ಆ ತಣ್ಣನೆ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತಳು. ಬಡಿತ ಯಾವ ಊರಿನ ಕಡೆಯಿಂದ ಬಂತು ಎನ್ನುವುದರ ಅಂದಾಜೂ ಸಿಗುತ್ತಿತ್ತು. ಕೆಲವು ದಿನ ಬಂದರಿನ ಪಟ್ಟಣ, ಕೆಲವು ದಿನ ಗಣಿಗಳ ಕಡೆ, ಮತ್ತೆ ಬಂದರು. ಬಂದರಿನಲ್ಲಿ ಹೆಚ್ಚು ನಿಂತರೆ ಕೆಲಸ ಸಿಕ್ಕಿರಬೇಕು ಎಂದು ಸಮಾಧಾನ. ಸಾಲು ಬಾರದ ದಿನ ಯಾರ ಮೇಲೆ ಎಂದಿಲ್ಲ, ಹರಿಹಾಯುತ್ತಿದ್ದಳು. ಅವಳ ತಲೆಬಿಸಿಗೆ ಏನು ಕಾರಣ ಎಂದು ಗೋದಾಮಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ. ಅದೂ ಅಮ್ಮನಿಗೆ ತೋಚಿದ ಹಾಗೆ. ಮಂಡಿ ಹಿಡಿದುಕೊಂಡ ಮೇಲೆ ಅಮ್ಮ ಮುಂಬಾಗಿಲಿನ ಪಕ್ಕದ ಕುರ್ಚಿ ಬಿಟ್ಟು ಹೆಚ್ಚು ಏಳುತ್ತಿರಲಿಲ್ಲ. ಸಂಜೆ ಅಕ್ಕ ಚಪ್ಪಲಿ ಬಿಡುವುದರೊಳಗೆ ಕೇಳುತ್ತಿದ್ದಳು:

“ಇವತ್ತು ಬಂದಿದ್ನಾ?”

“ಬಂದಿದ್ದ ಅಮ್ಮ.”

“ಒಳಗೆ ಬಿಟ್ರಾ?”

“ಇಲ್ಲ.”

“ಅಷ್ಟು ದೂರದಿಂದ ಬಂದು ತಟ್ತಾನೆ. ಒಳಗೆ ಕೂತಿರೋಳು ನೀನು. ಎದ್ದು ತೆಗೆಯೋಕೇನು ಧಾಡಿ ನಿಂಗೆ?”

“ಅದು ಆ ಥರದ ಬಾಗಿಲಲ್ಲ ಅಂತ ಎಷ್ಟು ಸಲ ಹೇಳೋದಮ್ಮ?”

“ಯಾವ ಥರದ್ದಾದ್ರೇನು? ಹಾಕಿದೋಳು ನೀನೇ ತಾನೆ?”

ಅಕ್ಕ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಸದ್ದು ಮಾಡುತ್ತಾ ತೊಳೆಯುತ್ತಿದ್ದಳು. ಅಮ್ಮನೂ ಬಿಡುವವಳಲ್ಲ, “ಆ ಪಾತ್ರೆ ಏನು ಮಾಡಿತ್ತು ನಿಂಗೆ?” ಎಂದು ಕೂತಲ್ಲಿಂದಲೇ ಕೂಗುತ್ತಿದ್ದಳು.

ಹೀಗೆ ನಡೆದು ವರ್ಷದ ಮೇಲಾಗಿದ್ದಾಗ ಬೇರೊಂದು ಕಂಪನಿಯ ಗೋದಾಮಿಗೆ ಯಾರೋ ಕಾಣದ ಕಳ್ಳರು ನುಗ್ಗಿ ಅಲ್ಲಿನ ಕಂಪ್ಯೂಟರುಗಳಿಗೆಲ್ಲ ಬೀಗ ಹಾಕಿದಂತೆ ಮಾಡಿಬಿಟ್ಟರು. ಸಾಹೇಬರ ನಿದ್ದೆ ಹಾರಿಹೋಯಿತು. ಫೈರ್‌ವಾಲ್ ಬರೆಯುವುದನ್ನೆಲ್ಲ ಇನ್ನು ಮೇಲೆ ಅಕ್ಕನೊಬ್ಬಳು ನೋಡಿದರೆ ಸಾಲದು, ಅದು ಆಗಿಂದಾಗಲೇ ಕ್ಲೌಡಿಗೆ ಹೋಗಬೇಕು, ಅಲ್ಲಿನ ನಿಗಾ ವ್ಯವಸ್ಥೆ ಹಗಲೂ ರಾತ್ರಿ ಕಣ್ಣಿಟ್ಟಿರಬೇಕು ಎಂದು ತೀರ್ಮಾನವಾಯಿತು. ಅದನ್ನು ಜೋಡಿಸಿಕೊಡಲು ಒಬ್ಬ ಎಂಜಿನಿಯರ್ ಬಂದ. ಸದಾ ನಗುಮುಖ, ಬಾಯಿ ತೆಗೆದರೆ ಕ್ಲೌಡ್. ಗೋದಾಮಿನವರು ಅವನಿಗೆ ಮೋಡಪ್ಪ ಎಂದು ಹೆಸರಿಟ್ಟರು. ಅವನೂ ಬೇಸರ ಮಾಡಿಕೊಳ್ಳದೆ ಆ ಹೆಸರಿಗೇ ಓಗೊಡುತ್ತಿದ್ದ.

ಫೈರ್‌ವಾಲಿನ ಪಕ್ಕ ಒಂದು ಸಣ್ಣ ಕಂಪ್ಯೂಟರ್ ಇಟ್ಟು, ಸಾಲುಗಳನ್ನು ಅದರಲ್ಲಿ ಒಟ್ಟುಮಾಡಿ ಮೇಲಕ್ಕೆ ಕಳಿಸುವ ಏರ್ಪಾಡು. ಎಲ್ಲವನ್ನೂ ಕಳಿಸಿದರೆ ರಾಶಿಯಲ್ಲಿ ಬೇಕಾದದ್ದೇ ಕಳೆದುಹೋಗುತ್ತದೆ, ಹಾಗಾಗಿ ಮೊದಲು ಜರಡಿ ಹಿಡಿಯಬೇಕು ಎಂದ ಮೋಡಪ್ಪ. ಜರಡಿಯಲ್ಲಿ ಬಿದ್ದುಹೋದದ್ದು ಎಲ್ಲೂ ಉಳಿಯುವುದಿಲ್ಲ. ಇಬ್ಬರೂ ಪಕ್ಕಪಕ್ಕ ಕೂತು ಬಗೆಬಗೆಯ ಸಾಲುಗಳನ್ನು ವಿಂಗಡಿಸುತ್ತಾ ಬಂದರು. ಕೊನೆಗೆ ಅದು ಬಂತು.

“ಅಕ್ಕಾ, ಇದು ಮುಚ್ಚಿದ ಖಾತೆಯಿಂದ ಬರೋ ಬಡಿತ. ಬಿಟ್ಟುಹೋದೋರ ಫೋನು. ತೆಗೆದುಹಾಕ್ಲಾ?”

ಅಕ್ಕ ಅವನ ಕಡೆ ತಿರುಗಿದಳು. “ಕಳಿಸಿದ್ರೆ ಏನಾಗುತ್ತೆ?”

“ಕೆಲಸದಿಂದ ತೆಗೆದವನು ದಿನಾ ಒಳಗೆ ನುಗ್ಗೋಕೆ ನೋಡ್ತಿದಾನೆ ಅಂತ ಕ್ಲೌಡು ತಿಳ್ಕೊಳುತ್ತೆ. ಕೆಂಪು ಎಚ್ಚರಿಕೆ ಸೀದಾ ಸಾಹೇಬ್ರ ಫೋನಿಗೇ. ಅವರು ಪೊಲೀಸಿಗೆ ಹೋಗ್ದೆ ಬಿಡ್ತಾರಾ? ಸುಮ್ನೆ ಇಲ್ಲದ ರಗಳೆ.”

ತೆಗೆದುಹಾಕಿದರೆ ತಮ್ಮನ ಸುಳಿವೇ ಇರುವುದಿಲ್ಲ. ಕಳಿಸಿದರೆ ತಮ್ಮ ಕಳ್ಳನಾಗುತ್ತಾನೆ. ಅಕ್ಕ ಆ ಸಾಲನ್ನೇ ನೋಡುತ್ತಾ ಕೂತಳು. ಅವಳ ತಲೆಯಲ್ಲಿ ಠಾಣೆಯ ಆ ಮಾತು ಕೊರೆಯುತ್ತಿತ್ತು. ಒಬ್ಬಳ ತಮ್ಮ ಕಾಣೆಯಾದರೆ ಯಾರೂ ಕುರ್ಚಿಯಿಂದ ಏಳುವುದಿಲ್ಲ. ಕಂಪನಿಗೆ ಕನ್ನ ಹಾಕಲು ಬಂದವನಾದರೆ ಹುಡುಕಿಕೊಂಡು ಹೋಗುತ್ತಾರೆ. ಕೈಗೆ ಬೇಡಿ ಬಿದ್ದರೂ ಬೀಳಲಿ, ಕಣ್ಣಿಗೆ ಬಿದ್ದರೆ ಸಾಕು.

“ಕಳ್ಸು,” ಎಂದಳು.

ಮಾರನೆಯ ದಿನವೇ ಸಾಹೇಬರು ಫೋನ್ ಹಿಡಿದುಕೊಂಡು ಆ ತಣ್ಣನೆ ಕೋಣೆಗೇ ಬಂದರು. ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

“ಇದು ನಿನ್ನ ತಮ್ಮನಲ್ವೇನಮ್ಮ?”

“ಹೌದು ಸಾರ್.”

“ಕಂಪ್ಲೇಂಟ್ ಕೊಡಬೇಕಾಗುತ್ತೆ.”

“ಕೊಡಿ ಸಾರ್.”

ಸಾಹೇಬರು ಅವಳ ಮುಖವನ್ನೇ ನೋಡಿ ಹೊರಟುಹೋದರು. ಸುದ್ದಿ ಗೋದಾಮಿಡೀ ಹರಡಲು ಎಷ್ಟು ಹೊತ್ತು? ಒಡಹುಟ್ಟಿದವನನ್ನೇ ಹಿಡಿದುಕೊಟ್ಟಳಂತೆ, ಹೆಂಗಸೋ ಕಲ್ಲೋ ಎಂದು ಪೆಟ್ಟಿಗೆ ತುಂಬಿಸುವವರು ಗುಸುಗುಸು ಮಾಡಿದರು. ಕಾವಲುಗಾರ ಅವಳನ್ನು ಕಂಡು ಮುಖ ತಿರುಗಿಸಿದ. ಅಕ್ಕ ಮನೆಗೆ ಹೋಗುವಾಗ ದಾರಿಯಲ್ಲಿ ತಮ್ಮನಿಗೆಂದು ಒಂದು ಅಂಗಿ ಕೊಂಡಳು. ಅಳತೆ ಸರಿಯಾಗಿ ನೆನಪಾಗದೆ ಅಂಗಡಿಯಲ್ಲಿ ಬಹಳ ಹೊತ್ತು ನಿಂತಿದ್ದಳು. ಸೊರಗಿರುತ್ತಾನೆ ಎಂದು ಒಂದು ಅಳತೆ ಚಿಕ್ಕದನ್ನೇ ತೆಗೆದುಕೊಂಡಳು. ಅಮ್ಮನಿಗೆ ಈ ಯಾವುದನ್ನೂ ಹೇಳಲಿಲ್ಲ.

ಹತ್ತಿರದ ಠಾಣೆಯಿಂದ ಕರೆ ಬಂದಾಗ ಕಂಪನಿಯ ಪರವಾಗಿ ಅವಳನ್ನೇ ಕಳಿಸಿದರು. ಆಸಾಮಿ ಸಿಕ್ಕಿದ್ದಾನೆ, ಫೋನಿನಲ್ಲಿರೋದು ನಿಮ್ಮದೇ ಆ್ಯಪಾ ನೋಡಿ ಹೇಳಿ ಎಂದಿದ್ದರು. ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಮೆಟ್ಟಿಲು ಹತ್ತುವಾಗ ಅವನಿಗೆ ಮೊದಲು ಬೈಯಬೇಕೋ, ತಬ್ಬಿಕೊಳ್ಳಬೇಕೋ ಎಂದು ತೀರ್ಮಾನವಾಗಲಿಲ್ಲ.

ಬೆಂಚಿನ ಮೇಲೆ ದಪ್ಪ ಮೀಸೆಯ, ನಡುವಯಸ್ಸಿನ ಒಬ್ಬ ಲಾರಿ ಡ್ರೈವರ್ ಕೂತಿದ್ದ. ಅವಳನ್ನು ಕಂಡದ್ದೇ ಎದ್ದು ಕೈಮುಗಿದ.

ಅಕ್ಕ ಅವನ ಹಿಂದೆ, ಪಕ್ಕದ ಕೋಣೆಯಲ್ಲಿ, ಜಾಲರಿಯ ಆಚೆ ಎಲ್ಲ ಕಡೆ ಕಣ್ಣಾಡಿಸಿದಳು. “ಅವನೆಲ್ಲಿ?”

“ಇವನೇ,” ಎಂದ ಪೇದೆ. ಮೇಜಿನ ಮೇಲೆ ಫೋನ್ ಇತ್ತು. ತಮ್ಮ ಸಿಟ್ಟಿನಲ್ಲಿ ಗೋಡೆಗೆ ಎಸೆದು ಒಡೆದಿದ್ದ ಮೂಲೆ ಹಾಗೇ ಇತ್ತು.

“ಕದ್ದದ್ದಲ್ಲಮ್ಮ, ನನ್ನ ಮಕ್ಕಳಾಣೆ,” ಎಂದ ಡ್ರೈವರ್. “ಬಂದರಿನ ಬಸ್‌ಸ್ಟ್ಯಾಂಡ್ ಹತ್ರ ಒಬ್ಬ ಹುಡುಗ ಮಾರ್ದ. ಅದ್ಯಾವ್ದೋ ಆಫೀಸಿನ ಆ್ಯಪು ಅದರಲ್ಲೇ ಇತ್ತು. ಒತ್ತಿದ್ರೆ ಬೇಡ ಅನ್ನೋದು. ತೆಗೆಯೋಕೆ ಬರ್ಲಿಲ್ಲ, ಅದರ ಪಾಡಿಗೆ ಬಿದ್ದಿರ್ಲಿ ಅಂತ ಬಿಟ್ಟೆ.”

“ನಿಮ್ಮ ಲಾರಿ ಎಲ್ಲೆಲ್ಲಿ ಓಡುತ್ತೆ?” ಕೇಳುವ ಮೊದಲೇ ಅಕ್ಕನಿಗೆ ಉತ್ತರ ಗೊತ್ತಿತ್ತು.

“ಗಣಿಯಿಂದ ಬಂದರಿಗಮ್ಮ. ಬಂದರಲ್ಲಿ ಇಳಿಸೋದು ತಡ ಆದ್ರೆ ಅಲ್ಲೇ ಬಿದ್ದಿರ್ತೀವಿ.”

ಅಕ್ಕ ಬೆಂಚಿನ ಇನ್ನೊಂದು ತುದಿ ಹಿಡಿದುಕೊಂಡು ಕೂತಳು. “ಯಾವಾಗ ಮಾರಿದ್ದು?”

ಡ್ರೈವರ್ ಯೋಚಿಸಿದ. “ನನ್ನ ಕೊನೇ ಮಗು ಹುಟ್ಟಿದ ವಾರ. ಈಗ ಅದು ಓಡಾಡುತ್ತೆ, ಹಿಡಿಯೋಕೆ ಸಿಗಲ್ಲ.”

ಅಂದರೆ ತಮ್ಮ ಹೋದ ಹೊಸತರಲ್ಲೇ, ಮೊದಲ ಸಾಲಿನಿಂದಲೇ ಇವನು. ಅವಳು ಅತ್ತ ಆ ದಿನವೂ ಇವನೇ.

“ಏನಾದ್ರೂ ಹೇಳಿದ್ನಾ ಅವನು?”

“ಕೈ ನಡುಗ್ತಿತ್ತಮ್ಮ. ಮನೆಗೆ ಹೋಗ್ಬೇಕು, ಬಸ್ಸಿಗೆ ದುಡ್ಡಿಲ್ಲ ಅಂದ. ಅಷ್ಟೇ ಹೇಳಿದ್ದು. ಪಾಪ ಅನ್ನಿಸ್ತು, ತಗೊಂಡೆ.”

“ಬಸ್ಸು ಹತ್ತಿದ್ನಾ?”

“ನಾನು ನೋಡ್ಲಿಲ್ಲಮ್ಮ. ಲೋಡ್ ರೆಡಿ ಇತ್ತು, ಹೊರಟ್ಬಿಟ್ಟೆ.” ಅವನು ತಲೆ ತಗ್ಗಿಸಿದ. “ನೋಡ್ಬೇಕಿತ್ತು.”

ಕಂಪನಿಗೆ ತಕರಾರಿಲ್ಲ ಎಂದು ಅಕ್ಕ ಹೇಳಿದಳು. ಆ ಹಾಳು ಆ್ಯಪ್ ತೆಗೆದು ಕಳಿಸಿ ಎಂದ ಪೇದೆ. ಅಕ್ಕ ಫೋನ್ ಕೈಗೆತ್ತಿಕೊಂಡಳು. ಪರದೆಯ ಮೇಲೆ ಯಾರದೋ ಮಗು ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಖಾತೆ ಮುಚ್ಚಿದ ಅದೇ ಬೆರಳಿನಿಂದ ಆ್ಯಪನ್ನೂ ಅಳಿಸಿದಳು. ಇಷ್ಟು ದಿನ ದಿನಾ ಬೆಳಿಗ್ಗೆ ತನ್ನನ್ನು ಎಬ್ಬಿಸಿ ಕೂರಿಸಿದ್ದು ಈ ಅಪರಿಚಿತನ ಲಾರಿ ಎಂದು ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇನ್ನು ಅದೂ ಇರುವುದಿಲ್ಲವಲ್ಲ.

ಗೋದಾಮಿಗೆ ಮರಳಿದಾಗ ಮೋಡಪ್ಪ ತಡೆದು ತಡೆದು ಕೇಳಿದ. “ಅಕ್ಕಾ, ಆ ಸಾಲು... ಇನ್ನು ಜರಡಿಗೆ ಹಾಕ್ಲಾ?”

“ಇನ್ನು ಬರೋದಿಲ್ಲ ಬಿಡು,” ಎಂದು ಸ್ವೆಟರ್ ತೆಗೆದುಕೊಂಡು ಮನೆಗೆ ಹೊರಟಳು.

ಅಮ್ಮ ಅದೇ ಕುರ್ಚಿಯಲ್ಲಿದ್ದಳು. ಅಕ್ಕ ಒಳಗೆ ಬಂದು ಅಭ್ಯಾಸದಂತೆ ಬಾಗಿಲ ಚಿಲಕ ಹಾಕಿದಳು. ದಾರಿಯುದ್ದಕ್ಕೂ ಯೋಚಿಸಿ ಒಂದು ಸುಳ್ಳು ಜೋಡಿಸಿಕೊಂಡಿದ್ದಳು. ಅಮ್ಮನ ಮುಖ ಕಂಡಾಗ ಅದು ಬಾಯಿಗೆ ಬರಲಿಲ್ಲ.

“ಇವತ್ತು ಬಂದಿದ್ನಾ?”

“ಬಾಗಿಲು ತೆಗೆದೆ ಅಮ್ಮ.”

ಅಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. “ತೆಗೆದ್ಯಾ?”

“ಅವನಲ್ಲ. ಬೇರೆ ಯಾರೋ.”

ಅಮ್ಮ ಅಕ್ಕನ ಚೀಲದಿಂದ ಹೊರಗೆ ಕಾಣುತ್ತಿದ್ದ ಅಂಗಿಯ ತೋಳನ್ನು ನೋಡಿದಳು. ಅದು ಯಾರಿಗೆಂದು ಕೇಳಲಿಲ್ಲ.

“ಅವರನ್ನಾದ್ರೂ ಕೇಳಿದ್ಯಾ, ಅವನನ್ನ ಎಲ್ಲಾದ್ರೂ ನೋಡಿದ್ರಾ ಅಂತ?”

“ಕೇಳ್ದೆ. ನೋಡಿದ್ರಂತೆ.” ಅಕ್ಕ ಅಮ್ಮನ ಕಾಲ ಬಳಿ ಕೂತಳು. “ಮನೆಗೆ ಹೋಗ್ಬೇಕು ಅಂತ ಹೊರಟಿದ್ನಂತೆ.”

ಯಾವಾಗ ಎಂದು ಅಮ್ಮ ಕೇಳುತ್ತಾಳೆಂದು ಅಕ್ಕ ಕಾದಳು. ಅಮ್ಮ ಕೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಗಿಲ ಕಡೆ ಕೈ ತೋರಿಸಿದಳು.

“ಹಾಗಾದ್ರೆ ಚಿಲಕ ಯಾಕೆ ಹಾಕ್ದೆ? ತೆಗಿ.”

ಅಕ್ಕ ಎದ್ದು ಹೋಗಿ ಚಿಲಕ ತೆಗೆದಳು.