ಒಂದು ಗಂಟೆಯ ಹುಡುಕಾಟ

"ತಲೆ ಕಡೆ ಸ್ವಲ್ಪ ಎತ್ರಪ್ಪಾ. ಇನ್ನೂ ಸ್ವಲ್ಪ. ನಿಧಾನ, ಗೋಡೆಗೆ ತಾಗುತ್ತೆ."

ಮೆಟ್ಟಿಲಿನ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮೂರನೇ ಮಹಡಿಯಿಂದ ಇಳಿಸುತ್ತಿದ್ದ ನಾಲ್ವರೂ ಡಿಪೋದ ಡ್ರೈವರುಗಳು. ಎಂಥೆಂಥ ಗಲ್ಲಿಯಲ್ಲೂ ಬಸ್ಸು ಹೊರಳಿಸಿದವರು ಇಲ್ಲಿ ಬೆವೆತುಹೋದರು. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಹೆಂಡತಿಗೆ, ಯಜಮಾನರು ಇದ್ದಿದ್ದರೆ ಇಷ್ಟು ಹೊತ್ತಿಗೆ ಎರಡು ಸಲ ಗಡಿಯಾರ ನೋಡಿಕೊಳ್ಳುತ್ತಿದ್ದರು ಅನ್ನಿಸಿತು.

ಮೂವತ್ತನಾಲ್ಕು ವರ್ಷ ಆತ ಡಿಪೋದ ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂತು ಎಂದು ಬರೆಯುತ್ತಲೇ ಆಯುಸ್ಸು ಸವೆಸಿದವರು. ಎಲ್ಲರ ಬಾಯಲ್ಲೂ ಮುಳ್ಳಣ್ಣ. ಚುಚ್ಚುವ ಮುಳ್ಳಲ್ಲ, ಗಡಿಯಾರದ ಮುಳ್ಳು.

ವಿದ್ಯುತ್ ಚಿತಾಗಾರದ ಸರದಿಯಲ್ಲಿ ಇವರಿಗಿಂತ ಮುಂಚೆ ಇನ್ನೂ ಎರಡು ಶವಗಳಿದ್ದವು. ಅಂಗಳದ ಬೆಂಚಿನ ಮೇಲೆ ಹಿರಿಯ ಡ್ರೈವರ್ ಬಂದು ಅವಳ ಪಕ್ಕದಲ್ಲಿ ಕೂತ.

"ಅತ್ತಿಗೆ, ಇವತ್ತು ನಗಬಾರದು. ಆದ್ರೂ ನೆನಪಾಗುತ್ತೆ. ನೀವಿಬ್ರೂ ಕಣ್ಣಾಮುಚ್ಚಾಲೆ ಆಡಿದ್ರಂತಲ್ಲ."

ಅವಳು ತಟ್ಟನೆ ಅವನ ಕಡೆ ತಿರುಗಿದಳು.

*

ನಿವೃತ್ತಿಯಾದ ಮೇಲೆ ಆತ ಮಾತು ಕಡಿಮೆ ಮಾಡಿದರು. ಆಮೇಲೆ ಊಟ, ಆಮೇಲೆ ನಿದ್ದೆ. ಡಾಕ್ಟರ್ ಎಲ್ಲ ಪರೀಕ್ಷೆ ಮಾಡಿ, "ಚಿಕ್ಕವರಿದ್ದಾಗ ಏನಾಡ್ತಿದ್ರಿ?" ಎಂದು ಕೇಳಿದರು.

"ಹನ್ನೊಂದಕ್ಕೇ ಬಸ್ ತೊಳೆಯೋಕೆ ಸೇರ್ಕೊಂಡೆ. ಆಡೋಕೆ ಪುರುಸೊತ್ತಿರಲಿಲ್ಲ."

"ಹಾಗಾದ್ರೆ ಈಗ ಆಡಿ. ದಿನಕ್ಕೆ ಅರ್ಧ ಗಂಟೆ. ತಮಾಷೆ ಅಲ್ಲ, ಇದೇ ಔಷಧಿ."

ಆತ ಅದನ್ನೂ ಡ್ಯೂಟಿಯಂತೆ ಹಚ್ಚಿಕೊಂಡರು. ಸೋಮವಾರ ಗೋಡೆಗೆ ಚೆಂಡು ಹೊಡೆದರು. ಮಂಗಳವಾರ ಬಣ್ಣದ ಸೀಸಕಡ್ಡಿ ಹಿಡಿದು ಒಂದು ಬಸ್ಸು ಬರೆದರು. ಬುಧವಾರದ ಆಟಕ್ಕೆ ಇಬ್ಬರು ಬೇಕಿತ್ತು. ಮಕ್ಕಳಿಲ್ಲದ ಮನೆ. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ನೀನು ಇಪ್ಪತ್ತರ ತನಕ ಎಣಿಸ್ತೀಯಾ? ನಾನು ಅಡಗ್ತೀನಿ."

"ಯಾರಾದ್ರೂ ನೋಡಿದ್ರೆ ಏನಂದಾರು?"

"ಬಾಗಿಲು ಹಾಕಿದೀನಿ."

ಅವಳು ಒಲೆಯ ಕಡೆ ತಿರುಗಿ ಎಣಿಸಿದಳು. ಹದಿನಾಲ್ಕಕ್ಕೆ ಫೋನ್ ಬಂತು, ತಂಗಿಯದು. ಹಾಲ್‌ನ ಸೋಫಾದಲ್ಲಿ ಕಾಲು ಮಡಚಿ ಕೂತು ಮಾತಾಡಿದಳು.

"ಅಯ್ಯೋ, ಕೇಳಬೇಡ. ಇವರಿಗೀಗ ಆಟ ಬೇಕಂತೆ. ಎಲ್ಲೋ ಅಡಗಿ ಕೂತಿದಾರೆ. ಕೂತಿರಲಿ ಬಿಡು, ಮನೆ ತಣ್ಣಗಿರುತ್ತೆ. ನನಗೆ ಆಡೋ ವಯಸ್ಸಿದ್ದಾಗ ಇವರು ಡಿಪೋದಲ್ಲಿದ್ರು. ಈಗ ನಾನ್ಯಾಕೆ ಹುಡುಕ್ಲಿ?"

ಒಂದು ಮಾತಿಗೆ ಹತ್ತು ಮಾತು ಸೇರಿ ಆಟ ಮರೆತೇ ಹೋಯಿತು. ಫೋನಿಟ್ಟು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಾಗ ಬೆನ್ನ ಹಿಂದೆ ಸದ್ದಾಯಿತು.

"ಸಿಗಲಿಲ್ಲ ಅಲ್ವಾ?"

ಅವಳು ತಿರುಗಲಿಲ್ಲ. "ಹುಡುಕಿ ಹುಡುಕಿ ಸಾಕಾಯ್ತು. ಎಲ್ಲಿದ್ರೋ ಏನೋ."

ಆತ ನಿಂತೇ ಒಂದು ಲೋಟ ನೀರು ಕುಡಿದು ಹೋದರು. ಗುರುವಾರ ಯಾವ ಆಟವೂ ಇರಲಿಲ್ಲ. ತಿಂಗಳಿಗೊಮ್ಮೆ ಡಿಪೋ ಕ್ಯಾಂಟೀನಿಗೆ ಹೋಗಿಬರುವುದು ಬಿಟ್ಟರೆ ನಾಲ್ಕು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ. ನಿನ್ನೆ ಬೆಳಿಗ್ಗೆ ಅದರಲ್ಲೇ ಹೋದರು.

*

"ಕ್ಯಾಂಟೀನಿಗೆ ಬಂದಾಗೆಲ್ಲ ಅದೇ ಕತೆ, ಅತ್ತಿಗೆ," ಎಂದ ಡ್ರೈವರ್. "ಒಂದು ಗಂಟೆ ಹುಡುಕಿದಳು ಅಂತಿದ್ರು. ಮಂಚದ ಕೆಳಗೆ, ಬೀರು ಹಿಂದೆ, ಟೆರೇಸಿಗೂ ಹೋಗಿಬಂದಳು, ಪಾಪ ಅನ್ನಿಸಿ ನಾನೇ ಹೊರಗೆ ಬಂದೆ ಅಂತ. ಹುಟ್ಟಿದಾಗಿನಿಂದ ನನ್ನನ್ನ ಯಾರೂ ಅಷ್ಟು ಹೊತ್ತು ಹುಡುಕಿರಲಿಲ್ಲ ಕಣೋ ಅಂತಿದ್ರು."

ಅವಳು ಕೇಳಿದಳು: "ಎಲ್ಲಿ ಅಡಗಿದ್ರಂತೆ?"

"ನಿಮಗೆ ಹೇಳಲೇ ಇಲ್ವಾ? ಹಾಲ್‌ನಲ್ಲೇ. ಸೋಫಾ ಹಿಂದಿನ ಪರದೆ ಮರೆಯಲ್ಲಿ. ಕೈ ಚಾಚಿದ್ರೆ ಸಿಗ್ತಿದ್ದೆ ಅಂತಿದ್ರು."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಒಂದು ಗಂಟೆ. ತಂಗಿಯ ಜೊತೆ ಆಡಿದ ಒಂದೊಂದು ಮಾತೂ ಈಗ ಅವಳ ಕಿವಿಗೇ ಬಂದು ಬಡಿಯಿತು. ಅಷ್ಟರಲ್ಲಿ ಉಳಿದ ಡ್ರೈವರುಗಳೂ ಬಂದು ನಿಂತಿದ್ದರು. ಎಲ್ಲರ ಮುಖದಲ್ಲೂ ಅಳುವಿನ ನಡುವೆ ಒಂದಿಷ್ಟು ನಗು.

"ಟೆರೇಸಿಗೂ ಹೋಗಿದ್ರಾ ಅತ್ತಿಗೆ, ನಿಜವಾಗ್ಲೂ?" ಒಬ್ಬ ಕೇಳಿದ.

"ಹೋಗಿದ್ದೆ," ಎಂದಳು ಅವಳು. "ಬಾಗಿಲು ಬಿಗಿಯಾಗಿತ್ತು. ತಳ್ಳಿ ತೆಗೆದೆ."

ಸರದಿ ಬಂತು. ಕುಲುಮೆಯ ಕಬ್ಬಿಣದ ಬಾಗಿಲು ಎದ್ದು ಮತ್ತೆ ಇಳಿಯಿತು. ಡ್ಯೂಟಿಯಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ಕೈಮುಗಿದು ಹೊರಟರು. ತಂಗಿ ವ್ಯಾನು ನೋಡಿಕೊಂಡು ಬರುತ್ತೇನೆಂದು ಗೇಟಿನ ಕಡೆ ಹೋದಳು.

ಅಂಗಳ ತೊಳೆಯುವವನು ಪೈಪು ಎಳೆದುಕೊಂಡು ಬೆಂಚಿನ ಹತ್ತಿರ ಬಂದ. "ಸ್ವಲ್ಪ ಕಾಲೆತ್ತಿ, ಅಮ್ಮ."

ಅವಳು ಎರಡೂ ಕಾಲೆತ್ತಿದಳು. ಕೆಳಗೆ ನೀರು ಹರಿದುಹೋಯಿತು. ಅವನು ಪೈಪು ಸುತ್ತಿಕೊಂಡು ಆಚೆ ಬದಿಗೆ ಹೋದ. ನೆಲ ಅರ್ಧ ಒಣಗಿದರೂ ಅವಳ ಕಾಲುಗಳು ಹಾಗೇ ಗಾಳಿಯಲ್ಲಿ, ನೆಲ ಮುಟ್ಟದೆ ಇದ್ದವು.