ಮಿಂಗೇಲ್ ಗುರುತಿಸಿದ ಸದ್ದು

ಇದನ್ನು ಹೇಳುವ ಅರ್ಹತೆ ನನಗಿಲ್ಲ, ಕ್ಷಮಿಸಬೇಕು. ನಾನು ಡಾಕ್ಟರನಲ್ಲ, ಹಳಿಯಾಳದ ಸಂಜೆ ತರಗತಿಯಲ್ಲಿ ಯಂತ್ರ ನಡೆಸುವುದನ್ನಷ್ಟೇ ಕಲಿತವನು. ಆದರೆ ಆ ಸದ್ದನ್ನು ಗುರುತಿಸಿದವರು ಇಬ್ಬರೇ. ಅವರಲ್ಲಿ ಈಗ ಮಾತಾಡಬಲ್ಲವನು ನಾನೊಬ್ಬನೇ.

೨೦೦೧ರಲ್ಲಿ ದಾಂಡೇಲಿಯ ಒಂದು ಖಾಸಗಿ ಆಸ್ಪತ್ರೆಗೆ ಹೊರಗಿನ ಡಾಕ್ಟರೊಬ್ಬರು ಅಲ್ಟ್ರಾಸೌಂಡ್ ಯಂತ್ರ ತಂದಿದ್ದರು. ಪಾರ್ಶ್ವವಾಯು ಬಡಿದವರ ಕಿವಿಯ ಪಕ್ಕದ ಕಣತಲೆಗೆ ಅದರ ಗುಂಡಿ ಕಟ್ಟಿದರೆ, ಮೆದುಳಿಗೆ ಹರಿಯುವ ರಕ್ತ ‘ಹುಸ್, ಹುಸ್’ ಎಂದು ಕೇಳಿಸುತ್ತಿತ್ತು. ಸಣ್ಣ ಹೆಪ್ಪೊಂದು ಹಾದುಹೋದರೆ ನಡುವೆ ‘ಚಿಕ್’. ಒಂದು ತಾಸು ಕೂತು ಚಿಕ್‌ಗಳನ್ನು ಎಣಿಸಿ ಬರೆಯುವುದು ನನ್ನ ಕೆಲಸ.

“ರೋಗಿಗಳಿಗೆ ಏನೂ ಹೇಳಬೇಡಪ್ಪ, ಹೆದರ್ಕೋತಾರೆ,” ಎಂದಿದ್ದರು ಡಾಕ್ಟರು. “ಚಿಕ್ ಬಂದವರನ್ನ ಇಲ್ಲೇ ಇಟ್ಕೊಂಡು ಬೇರೆ ಔಷಧ ಕೊಡ್ತೀನಿ.”

ನಂಬಿದೆ.

ಮಿಂಗೇಲ್ ಹಳಿಯಾಳ ಕಡೆಯ ಸಿದ್ದಿ ಬುಡಕಟ್ಟಿನವನು, ದಮಾಮಿ ಡೋಲು ಬಾರಿಸುವವನು. ಎಡಗೈ ಸೋತಿತ್ತು, ಬಾಯಿ ಸೋತಿರಲಿಲ್ಲ. ಯಂತ್ರದ ಸದ್ದಿಗೆ ಬಲಗೈ ಬೆರಳಿನಿಂದ ಮಂಚದ ಮೇಲೆ ತಾಳ ಹಾಕುತ್ತಿದ್ದವನು ತಟ್ಟನೆ ನಿಲ್ಲಿಸಿದ.

“ಮಾಸ್ತರ, ನಡುವ ಯಾರೋ ತಪ್ಪು ಬಡದ್ರಲ್ಲ? ನಮ್ಮೂರಾಗ ಹಿಂಗ ಬಡದ್ರ ದಮಾಮಿ ಕಸಗೊಂಡು ಎಬ್ಬಸ್ತೇವಿ.”

ಹೆಂಡತಿ ಇಜಾಬೆಲ್ ನಕ್ಕಳು. “ಸುಮ್ನ ಮಲಕೋ. ನಿನ್ನ ತಲಿಯೊಳಗೂ ಜಗಳ ತಗೀತಿ.”

“ಅಲ್ರೀ, ಚಿಕ್ ಅಂದದ್ದು ಏನದು?” ಮಿಂಗೇಲ್ ಮತ್ತೆ ನನ್ನನ್ನೇ ಕೇಳಿದ.

“ಯಂತ್ರದ ಸದ್ದು,” ಎಂದೆ.

ಹನ್ನೊಂದು ಎಂದು ಬರೆದೆ. ಹನ್ನೆರಡೂ ಇರಬಹುದು, ಸುಳ್ಳು ಹೇಳುವಾಗ ಒಂದನ್ನು ಬಿಟ್ಟೆನೇನೋ.

ಮೂರನೆಯ ದಿನ ಡಾಕ್ಟರು ಎಲ್ಲರಿಗೂ ಕೊಡುವ ಗುಳಿಗೆಯನ್ನೇ ಕೊಟ್ಟು ಅವನನ್ನು ಮನೆಗೆ ಕಳಿಸಿದರು. ಬಾಗಿಲಲ್ಲಿ ಇಜಾಬೆಲ್ ನನ್ನನ್ನು ತಡೆದಳು.

“ಕರಕೊಂಡು ಹೋದ್ರ ನಡೀತೈತೇನ್ರಿ? ನೀವು ಬ್ಯಾಡ ಅಂದ್ರ ಎಂಟು ದಿನ ಇಲ್ಲೇ ಇರ್ತೇವಿ.”

“ಡಾಕ್ಟರು ಹೇಳ್ಯಾರಲ್ಲ, ಹೋಗ್ರಿ.”

ಮೂರು ತಿಂಗಳ ಮೇಲೆ ಡಾಕ್ಟರು ಒಂದು ಫಾರ್ಮು ಕೊಟ್ಟು, ಅವನು ಹೇಗಿದ್ದಾನೆಂದು ಬರೆದು ತರಲು ನನ್ನನ್ನೇ ಕಳಿಸಿದರು. ಅವನು ಮನೆಗೆ ಹೋದ ಐದನೆಯ ದಿನವೇ ಪಾರ್ಶ್ವವಾಯು ಮತ್ತೆ ಬಡಿದಿತ್ತು. ಮಾತೂ ಬಲಗೈಯೂ ಹೋಗಿದ್ದವು. ಫಾರ್ಮಿನ ತಲೆಯಲ್ಲಿ ನನ್ನದೇ ಅಕ್ಷರದ ‘೧೧’; ಅದರ ಕೆಳಗೆ, ‘ಮೂರು ತಿಂಗಳ ಸ್ಥಿತಿ’ ಎಂದು ಮೊದಲೇ ಅಚ್ಚು ಮಾಡಿಸಿದ್ದ ಖಾಲಿ ಚೌಕ.

ಅಂಗಳದಲ್ಲೇ ಇಜಾಬೆಲ್‌ಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ.

“ನಮಗ ಹೇಳೂದು ಬಿಟ್ಟು ಕಾಗದಕ್ಕ ಹೇಳಿದ್ರಿ?”

ಮಿಂಗೇಲ್ ನನ್ನನ್ನೇ ನೋಡುತ್ತಿದ್ದ.

ಹಿಂದಿರುಗಿ ಡಾಕ್ಟರನ್ನು ಕೇಳಿದೆ. “ಬೇರೆ ಔಷಧದಿಂದ ಉಪಯೋಗ ಇದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಚಿಕ್ ಬಂದವರಿಗೆ ಮುಂದೆ ಏನಾಗುತ್ತೆ ಅಂತ ನೋಡೋದಷ್ಟೇ ಈ ಅಧ್ಯಯನ,” ಎಂದರು.

“ಮತ್ತ ಬೇರೆ ಔಷಧ ಕೊಡ್ತೀನಿ ಅಂತ ನನಗ್ಯಾಕ ಹೇಳಿದ್ರಿ?”

“ಹೇಳದಿದ್ರೆ ನೀನು ಸುಮ್ಮನೆ ಕೂತು ಎಣಿಸ್ತಿದ್ಯಾ?”

ಅಂದೇ ಕೆಲಸ ಬಿಟ್ಟೆ. ಅದರಿಂದ ಮಿಂಗೇಲ್‌ಗೆ ಏನೂ ಆಗಲಿಲ್ಲ. ಆ ಎಂಟು ದಿನ ಅವನು ಆಸ್ಪತ್ರೆಯಲ್ಲೇ ಇದ್ದಿದ್ದರೆ ಮಾತು ಉಳಿಯುತ್ತಿತ್ತೇ? ನನಗೆ ಗೊತ್ತಿಲ್ಲ. ಚಿಕ್‌ಗಳು ಹನ್ನೊಂದೋ ಹನ್ನೆರಡೋ ಎಂಬುದೂ ಗೊತ್ತಿಲ್ಲ.