ಯೂದನ ಎರಡನೇ ಅಧ್ಯಾಯ

ಟ್ರೆಸ್ಸಾ ಹೂಕ್‌ಸ್ಟ್ರಾಳಿಗೆ ದೇವರ ಮೇಲೆ ಅನುಮಾನವಿರಲಿಲ್ಲ. ಅನುಮಾನವೇನಿದ್ದರೂ ಬೈಬಲಿನ ಅರಣ್ಯಕಾಂಡದ ಮೇಲೆ. ಯಾವ ಕುಲದಲ್ಲಿ ಎಷ್ಟು ಗಂಡಸರಿದ್ದರು ಎಂದು ಪುಟಗಟ್ಟಲೆ ಹೇಳುವ ಪುಸ್ತಕವನ್ನು ಬೆಳಗಿನ ಆರು ಗಂಟೆಗೆ ಕಣ್ಣೀರು ತುಂಬಿಕೊಂಡು ಓದುವವರಿದ್ದಾರೆಂದು ಪಾಸ್ಟರ್ ಹೇಳುತ್ತಿದ್ದರು. ಹತ್ತೊಂಬತ್ತು ವರ್ಷದ ಟ್ರೆಸ್ಸಾ ಅಂಥವರನ್ನು ಇನ್ನೂ ಕಂಡಿರಲಿಲ್ಲ. ಅವಳು ಹಲ್ಲುಜ್ಜುವಾಗ ಬೈಬಲನ್ನು ಸಿಂಕಿನ ಪಕ್ಕ ತೆರೆದಿಡುತ್ತಿದ್ದಳು. ಬಾಯಿ ಮುಕ್ಕಳಿಸಿದ ಮೇಲೆ ಮುಚ್ಚುತ್ತಿದ್ದಳು. ಅಷ್ಟಕ್ಕೆ ಒಂದು ನಕ್ಷತ್ರ.

ನಕ್ಷತ್ರವೆಂದರೆ ನಿಜವಾಗಿಯೂ ನಕ್ಷತ್ರವೇ, ಬಂಗಾರದ ಬಣ್ಣದ ಅಂಟುಚೀಟಿ. ಅಯೋವಾದ ಆ ಪುಟ್ಟ ಊರಿನ ಚರ್ಚಿನಲ್ಲಿ ಜನವರಿಯಿಂದ 'ವರ್ಷಕ್ಕೊಂದು ಬೈಬಲ್' ಎಂಬ ಯೋಜನೆ ಶುರುವಾಗಿತ್ತು. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎರಡನ್ನೂ ಬೆರೆಸಿ ಯಾವ ದಿನ ಯಾವ ಅಧ್ಯಾಯ ಎಂದು ಕಾರ್ಯದರ್ಶಿ ಲವಾನ್ ಪಟ್ಟಿ ಟೈಪು ಮಾಡಿ ಎಲ್ಲರಿಗೂ ಹಂಚಿದ್ದಳು. ಮೊಗಸಾಲೆಯ ಗೋಡೆಯ ಮೇಲೆ, ಸರಿಯಾಗಿ ಕಾಫಿ ಪಾತ್ರೆಯ ಎದುರಿಗೆ, ದೊಡ್ಡ ತಖ್ತೆ. ಯೋಜನೆಗೆ ಸೇರಿದ ಇಪ್ಪತ್ತೇಳು ಜನರಿಗೆ ಹೆಸರಿಗೊಂದು ಸಾಲು, ದಿನಕ್ಕೊಂದು ಮನೆ. ಪ್ರತಿ ಭಾನುವಾರ ಬಂದು ಹಿಂದಿನ ವಾರದ ಏಳು ನಕ್ಷತ್ರ ಅಂಟಿಸಬೇಕು. ಕಾಫಿ ಹಿಡಿದು ನಿಂತವರಿಗೆ ನೋಡಲು ಬೇರೇನೂ ಇರಲಿಲ್ಲವಾದ್ದರಿಂದ ಯಾರ ಭಕ್ತಿಯಲ್ಲಿ ಎಷ್ಟು ತೂತುಗಳಿವೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಮೇ ತಿಂಗಳಲ್ಲಿ ಆರ್ಲೊ ಡೈಕ್‌ಹೌಸ್ ಅಪೆಂಡಿಕ್ಸ್ ಒಡೆದು ಆಸ್ಪತ್ರೆ ಸೇರಿದ್ದ. ಅವನ ಸಾಲಿನಲ್ಲಿ ಮೂರು ಮನೆ ಖಾಲಿ ಬಿದ್ದಿದ್ದವು. "ಆಸ್ಪತ್ರೇಲೂ ಬೈಬಲ್ ಇರುತ್ತಲ್ಲಪ್ಪ" ಎಂದಿದ್ದರು ಸಭೆಯ ಹಿರಿಯ ಗೆರಿಟ್.

ಯುವಕರಲ್ಲಿ ಒಂದೂ ತೂತಿಲ್ಲದೆ ಉಳಿದದ್ದು ಟ್ರೆಸ್ಸಾಳ ಸಾಲೊಂದೇ. ಅದಕ್ಕೆ ಕಾರಣವೂ ಇತ್ತು. ತುಂಬಿದ ಸಾಲಿನವರಿಗೆ ಬೇಸಿಗೆಯ ಬೈಬಲ್ ಶಿಬಿರದ ನಾಯಕತ್ವ. ಎಂಟು ವಾರ ಸರೋವರದ ದಂಡೆ, ದೋಣಿ, ತನ್ನದೇ ಒಂದು ಮರದ ಕೋಣೆ. ಅದು ಸಿಗದಿದ್ದರೆ ಆ ಎಂಟು ವಾರವೂ ಅಪ್ಪನ ಟರ್ಕಿ ಕೋಳಿಗಳ ಶೆಡ್ಡು. ಟರ್ಕಿಗಳ ಜೊತೆ ಬೆಳೆದವಳಿಗೆ ನರಕದ ಬಗ್ಗೆ ಬೇರೆ ಉಪದೇಶ ಬೇಕಿರಲಿಲ್ಲ. ಜೂನ್ ಮೊದಲ ಭಾನುವಾರ ಅವಳು ಸಭೆಯ ಮುಂದೆ ಐದು ನಿಮಿಷ, ಬೈಬಲ್ ಓದಿ ತನಗೇನಾಯಿತೆಂದು ಸಾಕ್ಷಿ ಹೇಳಬೇಕು, ಆಮೇಲೆ ಪಾಸ್ಟರ್ ಅವಳ ಹೆಸರು ಘೋಷಿಸುತ್ತಾರೆ ಎಂದು ಗೊತ್ತಾಗಿತ್ತು.

ಅದಕ್ಕೆ ಮುಂಚಿನ ಗುರುವಾರ ಎಂದಿನಂತೆ ಡೋನಟ್ ಅಂಗಡಿಯಲ್ಲಿ ಮಾರ್ಲಿಸ್ ಟೆನ್‌ಪಾಸ್ ಕಾದಿದ್ದಳು. ಎಪ್ಪತ್ತೊಂದರ ವಿಧವೆ. ಪ್ರತಿ ಯುವಕ ಯುವತಿಗೂ ಹಿರಿಯರೊಬ್ಬರನ್ನು ಜೊತೆ ಮಾಡಿದ್ದರು. ಏನು ಓದಿದೆ, ಏನು ತಟ್ಟಿತು ಎಂದು ವಾರಕ್ಕೊಮ್ಮೆ ಕೇಳುವುದು ಅವರ ಕೆಲಸ. ಐದು ತಿಂಗಳಿಂದ ಟ್ರೆಸ್ಸಾ "ದೇವರ ನಂಬಿಗಸ್ತಿಕೆ ತಟ್ಟಿತು" ಎನ್ನುತ್ತಿದ್ದಳು. ಯಾವ ಅಧ್ಯಾಯಕ್ಕಾದರೂ ಹೊಂದುವ ಉತ್ತರ. ಮಾರ್ಲಿಸ್ "ಒಳ್ಳೇದು" ಎಂದು ಡೋನಟ್ ಮುರಿಯುತ್ತಿದ್ದಳು.

ಈ ಸಲ ಮುರಿಯಲಿಲ್ಲ. "ಮೇ ಏಳನೇ ತಾರೀಕು ಏನು ಓದಿದೆ, ಮಗಳೇ?"

ಟ್ರೆಸ್ಸಾ ಪಟ್ಟಿ ತೆಗೆದು ನೋಡಿದಳು. "ಯೂದನ ಪತ್ರಿಕೆ, ಎರಡನೇ ಅಧ್ಯಾಯ."

"ಏನು ತಟ್ತು?"

"ದೇವರ ನಂಬಿಗಸ್ತಿಕೆ. ಮೊದಲನೇ ಅಧ್ಯಾಯಕ್ಕಿಂತ ಜಾಸ್ತಿನೇ ತಟ್ತು ಅನ್ನಬಹುದು."

"ತೆಗೆದು ಒಂದೆರಡು ಸಾಲು ಓದು. ನನಗೂ ತಟ್ಟಲಿ."

ಟ್ರೆಸ್ಸಾ ತೆಗೆದಳು. ಯೂದ ಬರೆದ ಆ ಪತ್ರ ಒಂದೇ ಪುಟ. ಆ ಪುಟ ಮುಗಿದರೆ ಮುಂದೆ ಬೈಬಲಿನ ಕೊನೆಯ ಪುಸ್ತಕ, 'ಪ್ರಕಟಣೆ'. ಅವಳು ಪುಟವನ್ನು ಬೆರಳಿನಿಂದ ಉಜ್ಜಿದಳು, ಎರಡು ಹಾಳೆ ಅಂಟಿಕೊಂಡಿರಬಹುದೇನೋ ಎಂದು.

"ಉಜ್ಜಬೇಡ, ಹರಿಯುತ್ತೆ" ಎಂದಳು ಮಾರ್ಲಿಸ್. "ಇರೋದೇ ಒಂದು ಅಧ್ಯಾಯ. ಲವಾನ್ ತಪ್ಪಿ ಟೈಪು ಮಾಡಿದಾಳೆ."

ಟ್ರೆಸ್ಸಾ ಬೈಬಲ್ ಮುಚ್ಚಿದಳು. "ನಿಮಗೆ ಅವತ್ತೇ ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು. ಹೊಸ ಕನ್ನಡಕ ಬಂತು. ಸಣ್ಣ ಅಕ್ಷರ ಓದಿ ನೋಡಿ ಅಂದ್ರು ಡಾಕ್ಟರು. ಮನೇಲಿ ಬೈಬಲಿಗಿಂತ ಸಣ್ಣ ಅಕ್ಷರದ್ದು ಬೇರೇನಿರಲಿಲ್ಲ." ಅವಳು ಕಾಫಿ ಕಲಕಿದಳು. "ಆಮೇಲೆ ಚರ್ಚಿಗೆ ಹೋಗಿ ತಖ್ತೆ ನೋಡಿದೆ. ಆ ದಿನದ ಮನೇಲಿ ಹೆಚ್ಚುಕಮ್ಮಿ ಎಲ್ಲರದ್ದೂ ನಕ್ಷತ್ರ ಇದೆ. ನಂದೂ ಇದೆ. ಪಾಸ್ಟರದ್ದು ಸ್ವಲ್ಪ ಓರೆಯಾಗಿ ಅಂಟಿದೆ."

"ಯಾರಿಗಾದರೂ ಹೇಳಿದ್ರಾ?"

"ಸಾಕ್ಷಿ ಹೇಳೋಳು ನೀನಲ್ವಾ?" ಎಂದು ಮಾರ್ಲಿಸ್ ಡೋನಟ್ ಮುರಿದಳು.

ಟ್ರೆಸ್ಸಾ ಮನೆಗೆ ಬಂದು ತಾನು ಬರೆದಿಟ್ಟ ಸಾಕ್ಷಿಯನ್ನು ಓದಿಕೊಂಡಳು. 'ಪ್ರತಿದಿನದ ವಾಕ್ಯ ನನ್ನನ್ನು ಬದಲಾಯಿಸಿತು' ಎಂದಿತ್ತು. ಬದಲಾದದ್ದು ಹಲ್ಲುಗಳು, ಮೊದಲಿಗಿಂತ ಹೆಚ್ಚು ಹೊತ್ತು ಉಜ್ಜುತ್ತಿದ್ದಳು. ಪ್ರಾರ್ಥನೆ ಅವಳಿಗೆ ಸುಳ್ಳಾಗಿರಲಿಲ್ಲ. ಶೆಡ್ಡಿಗೆ ಪಿಕಪ್ ಓಡಿಸುವಾಗ ದೇವರ ಜೊತೆ ಜಗಳವಾಡುತ್ತಿದ್ದಳು, ಅಪರೂಪಕ್ಕೆ ಧನ್ಯವಾದವನ್ನೂ ಹೇಳುತ್ತಿದ್ದಳು. ಅದಕ್ಕೆ ಗೋಡೆಯ ಮೇಲೆ ಮನೆಯಿರಲಿಲ್ಲ.

ಭಾನುವಾರ ಅವಳು ಮುಂದೆ ಹೋಗಿ ನಿಂತಳು. ನಾಲ್ಕನೇ ಸಾಲಿನಲ್ಲಿ ಮಾರ್ಲಿಸ್ ಪೆಪ್ಪರ್‌ಮಿಂಟ್ ಬಿಚ್ಚುತ್ತಿದ್ದಳು. ಪಾಸ್ಟರರ ಉಪದೇಶದ ಹೊತ್ತಿಗೆಂದು ಇಟ್ಟುಕೊಂಡದ್ದನ್ನು ಬೇಗನೇ ತೆಗೆದಿದ್ದಳು. ಟ್ರೆಸ್ಸಾ ಕೈಯಲ್ಲಿದ್ದ ಕಾಗದವನ್ನು ಮಡಚಿದಳು.

"ಮೇ ಏಳರಂದು ಯೂದನ ಎರಡನೇ ಅಧ್ಯಾಯ ಓದಿದೆ ಅಂತ ನಕ್ಷತ್ರ ಅಂಟಿಸಿದೀನಿ" ಎಂದಳು. "ಓದಿಲ್ಲ. ಅದೊಂದೇ ಅಲ್ಲ, ಹೆಚ್ಚುಕಮ್ಮಿ ಯಾವುದನ್ನೂ ಓದಿಲ್ಲ. ಆದರೆ ಅದನ್ನ ನೀವು ಯಾರೂ ಓದಿರೋಕೆ ಸಾಧ್ಯ ಇಲ್ಲ. ದಯವಿಟ್ಟು ತೆಗೆದು ನೋಡಿ."

ನೂರಿಪ್ಪತ್ತು ಬೈಬಲ್‌ಗಳು ಒಟ್ಟಿಗೇ ತೆರೆದವು. ಐದು ತಿಂಗಳ ಯೋಜನೆಯಲ್ಲಿ ಇಡೀ ಸಭೆ ಒಂದೇ ಪುಟವನ್ನು ನಿಜವಾಗಿ ಓದಿದ್ದು ಅದೇ ಮೊದಲು. ಪಾಸ್ಟರ್ ತಮ್ಮದನ್ನು ಮುಂದೆ ತಿರುಗಿಸಿದರು, ಹಿಂದೆ ತಿರುಗಿಸಿದರು, ನಂತರ ಮೇಜಿನ ಮೇಲಿದ್ದ ನೀರು ಕುಡಿದರು.

"ನನ್ನ ಬೈಬಲಲ್ಲಿ ಒಂದು ಹಾಳೆ ಹರಿದುಹೋಗಿರಬೇಕು" ಎಂದರು ಗೆರಿಟ್.

ಆರಾಧನೆ ಮುಗಿದ ಮೇಲೆ ಹಿರಿಯರು ಹ್ಯಾಮ್ ಇಟ್ಟ ಬನ್ನು ತಿನ್ನುತ್ತ ಸಭೆ ಸೇರಿದರು. ಸುಳ್ಳು ಹೇಳಿದ್ದು ಇಪ್ಪತ್ತಾರು ಜನ, ಅದನ್ನು ಬಾಯಿಬಿಟ್ಟು ಹೇಳಿದ್ದು ಒಬ್ಬಳು. ಆದ್ದರಿಂದ ತಪ್ಪಿತಸ್ಥರನ್ನು ಗುರುತಿಸಲು ತಡವಾಗಲಿಲ್ಲ. ಶಿಬಿರದ ನಾಯಕತ್ವಕ್ಕೆ ಪ್ರಾಮಾಣಿಕ ಓದುಗನೊಬ್ಬ ಬೇಕೆಂದು ತೀರ್ಮಾನವಾಯಿತು. ತಖ್ತೆಯಲ್ಲಿ ಮೇ ಏಳರ ಮನೆ ಖಾಲಿಯಿದ್ದದ್ದು ಒಬ್ಬನದೇ. ಅವತ್ತು ಅರಿವಳಿಕೆಯಲ್ಲಿ ಮಲಗಿದ್ದ ಆರ್ಲೊ ಡೈಕ್‌ಹೌಸ್ ತನ್ನ ಪ್ರಾಮಾಣಿಕತೆಯ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಬೆರಗಾದ.

ಸೋಮವಾರ ಟ್ರೆಸ್ಸಾ ಟರ್ಕಿ ಶೆಡ್ಡಿನ ಮುಂದೆ ಪಿಕಪ್ ನಿಲ್ಲಿಸಿ ಯೂದನನ್ನು ತೆಗೆದಳು. ಇಪ್ಪತ್ತೈದು ವಚನ, ನಾಲ್ಕು ನಿಮಿಷ. ಸಭೆಯ ಊಟಕ್ಕೆ ಕೂತು ನಾಚಿಕೆಯಿಲ್ಲದೆ ಹೊಟ್ಟೆ ತುಂಬಿಸಿಕೊಳ್ಳುವವರನ್ನು ಅವನು ಬೈದಿದ್ದ. ಮಳೆಯಿಲ್ಲದ ಮೋಡ ಎಂದಿದ್ದ. ಹ್ಯಾಮ್ ಬನ್ನು ನೆನಪಾಗಿ ಅವಳಿಗೆ ನಗು ಬಂತು. ಆಮೇಲೆ ತನ್ನ ಸಾಲಿನ ನೂರೈವತ್ತು ನಕ್ಷತ್ರಗಳು ನೆನಪಾದವು. ನಗು ನಿಂತಿತು. ಮೊದಲಿನಿಂದ ಇನ್ನೊಮ್ಮೆ ಓದಿದಳು.

ಗುರುವಾರ ಮಾರ್ಲಿಸ್ ಕೇಳಿದಳು. "ಏನು ಓದಿದೆ?"

"ಯೂದ."

"ಎರಡನೇ ಅಧ್ಯಾಯನಾ?"

"ಇರೋ ಒಂದನ್ನೇ. ಎರಡು ಸಲ."

"ಏನು ತಟ್ತು?"

"ನನಗೇ ಬೈದ ಹಾಗಿತ್ತು."

ಮಾರ್ಲಿಸ್ ಒಳ್ಳೇದು ಎನ್ನಲಿಲ್ಲ. ಡೋನಟ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ತನ್ನ ಬೈಬಲನ್ನೂ ಹೊಸ ಕನ್ನಡಕವನ್ನೂ ತೆಗೆದಳು. "ಯಾವ ವಚನ, ತೋರಿಸು" ಎಂದಳು.